ಅಕ್ಷರ, ಅಂಕಿ, ಆಕೃತಿ: ಕಂಪ್ಯೂಟರಿನಲ್ಲಿ ಕನ್ನಡ ಉಳಿಯುವ ಬಗೆ

ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರ್ ವಿಜ್ಞಾನದ ಮೂಲ ಪರಿಕಲ್ಪನೆಗಳು ಮತ್ತು ಅಭ್ಯಾಸ ಪ್ರಶ್ನೆಗಳು

ಇಪ್ಪತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಬೆರಳಚ್ಚು ಮಾಡಿಟ್ಟ ಕಡತವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಅಕ್ಷರಗಳ ಬದಲು ಇಂಗ್ಲಿಷಿನ ಬಿಡಿ ಅಕ್ಷರಗಳೂ ಬ್ರಿಟನ್ನಿನ ಪೌಂಡ್ ಚಿಹ್ನೆಯೂ ಯುರೋಪಿನ ಭಾಷೆಗಳ ಸ್ವರಚಿಹ್ನೆ ಹೊತ್ತ ಅಕ್ಷರಗಳೂ ಸಾಲುಗಟ್ಟಿ ಕಾಣಿಸಿಕೊಳ್ಳುವುದುಂಟು. ಕಡತ ಕೆಟ್ಟಿರುವುದಿಲ್ಲ. ವೈರಸ್ ತಗುಲಿರುವುದಿಲ್ಲ. ಒಂದು ಬೈಟ್ ಕೂಡ ಕಳೆದುಹೋಗಿರುವುದಿಲ್ಲ. ಆದರೂ ಅದನ್ನು ಓದಲಾಗುವುದಿಲ್ಲ.

ಹೀಗೇಕೆ ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಂಪ್ಯೂಟರ್ ವಿಜ್ಞಾನದ ಆರಂಭದ ಅಧ್ಯಾಯಗಳಲ್ಲೇ ಇದೆ. ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪಠ್ಯಪುಸ್ತಕದಲ್ಲಿಯೂ ಆಸ್ಕಿ, ಇಸ್ಕಿ ಮತ್ತು ಯೂನಿಕೋಡ್ ಕುರಿತ ಪಾಠವಿದೆ. ಬಿಟ್, ಬೈಟ್, ಸಂಕೇತ, ಸ್ಮೃತಿ, ಕ್ರಮವಿಧಿ ಮುಂತಾದ ಪದಗಳ ವ್ಯಾಖ್ಯಾನವನ್ನು ಬಾಯಿಪಾಠ ಮಾಡುವುದಕ್ಕಿಂತ, ಕನ್ನಡದ ಒಂದು ಪದ ಯಂತ್ರದೊಳಗೆ ಹೇಗೆ ಸಾಗುತ್ತದೆ ಎಂಬುದನ್ನು ಅನುಸರಿಸಿದರೆ ಇವೆಲ್ಲ ತಾವಾಗಿಯೇ ಮನದಟ್ಟಾಗುತ್ತವೆ. ಆ ಉದ್ದೇಶದಿಂದ ಈ ಲೇಖನದಲ್ಲಿ 'ಕನ್ನಡ' ಎಂಬ ಪದವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಕೊನೆಯಲ್ಲಿ ಹತ್ತು ಪ್ರಶ್ನೆಗಳೂ ಅವುಗಳ ಉತ್ತರಗಳೂ ಇವೆ.

ಬಿಟ್ ಮತ್ತು ಬೈಟ್

ಕಂಪ್ಯೂಟರಿನ ವಿದ್ಯುನ್ಮಂಡಲಗಳು ಎರಡು ಸ್ಥಿತಿಗಳನ್ನು ಮಾತ್ರ ಗುರುತಿಸುವಂತೆ ರಚಿತವಾಗಿವೆ. ವಿದ್ಯುತ್ ಒತ್ತಡ ಹೆಚ್ಚು ಇರುವ ಸ್ಥಿತಿಯನ್ನು 1 ಎಂದೂ ಕಡಿಮೆ ಇರುವ ಸ್ಥಿತಿಯನ್ನು 0 ಎಂದೂ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಇಂತಹ ಒಂದು 0 ಅಥವಾ 1ಕ್ಕೆ 'ಬಿಟ್' ಎಂದು ಹೆಸರು. ಗಣಿತಜ್ಞ ಜಾನ್ ಟ್ಯೂಕಿ ಸೂಚಿಸಿದ ಈ ಪದವನ್ನು ಕ್ಲಾಡ್ ಶಾನನ್ 1948ರಲ್ಲಿ ಪ್ರಕಟವಾದ ತಮ್ಮ ಮಾಹಿತಿ ಸಿದ್ಧಾಂತದ ಪ್ರಬಂಧದಲ್ಲಿ ಬಳಸಿದರು. ಎಂಟು ಬಿಟ್‌ಗಳ ಗುಂಪು ಒಂದು 'ಬೈಟ್'. ಬೈಟ್ ಎಂಬ ಪದವನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕೋಲ್ಜ್ ರೂಪಿಸಿದರು.

ಒಂದು ಬಿಟ್‌ನಿಂದ ಎರಡು ಸಂಗತಿಗಳನ್ನು ಸೂಚಿಸಬಹುದು. ಎರಡು ಬಿಟ್‌ಗಳಿಂದ ನಾಲ್ಕು, ಮೂರರಿಂದ ಎಂಟು. ಹೀಗೆ ಪ್ರತಿ ಬಿಟ್ ಸೇರಿದಂತೆ ಸಾಧ್ಯತೆಗಳು ದುಪ್ಪಟ್ಟಾಗುತ್ತವೆ. ಎಂಟು ಬಿಟ್‌ಗಳ ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ 256 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಒಂದು ಬೈಟ್ ಸಾಲದು. ಈ ಮಿತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಕನ್ನಡದ ಕಥೆಯಲ್ಲಿ ಇದು ಮತ್ತೆ ಬರುತ್ತದೆ.

ದ್ವಿಮಾನ ಪದ್ಧತಿಯಲ್ಲಿ ಸ್ಥಾನಬೆಲೆಗಳು ಬಲದಿಂದ ಎಡಕ್ಕೆ 1, 2, 4, 8, 16, 32, 64, 128 ಎಂದು ಹೆಚ್ಚುತ್ತವೆ. 65 ಎಂಬ ಸಂಖ್ಯೆಯನ್ನು 64 ಮತ್ತು 1ರ ಮೊತ್ತವೆಂದು ಬಿಡಿಸಿದರೆ, ಆ ಎರಡು ಸ್ಥಾನಗಳಲ್ಲಿ 1, ಉಳಿದೆಡೆ 0 ಇಟ್ಟು 01000001 ಎಂದು ಬರೆಯಬಹುದು.

ಅಕ್ಷರಕ್ಕೊಂದು ಅಂಕಿ

ಯಂತ್ರಕ್ಕೆ ತಿಳಿಯುವುದು ಸಂಖ್ಯೆ ಮಾತ್ರ ಎಂದಾದರೆ ಅಕ್ಷರವನ್ನು ಉಳಿಸುವುದು ಹೇಗೆ? ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿ ಮಾಡಿ, ಆ ಪಟ್ಟಿಯನ್ನು ಎಲ್ಲರೂ ಒಪ್ಪಿಕೊಳ್ಳುವುದೇ ಪರಿಹಾರ. ಇದಕ್ಕೆ ಸಂಕೇತೀಕರಣ ಎನ್ನುತ್ತಾರೆ. ಅಮೆರಿಕದಲ್ಲಿ 1963ರಲ್ಲಿ ಮೊದಲು ಪ್ರಕಟವಾದ 'ಆಸ್ಕಿ' ಅಂತಹ ಒಂದು ಪಟ್ಟಿ. ಅದರಲ್ಲಿ 7 ಬಿಟ್‌ಗಳಿದ್ದು 128 ಸ್ಥಾನಗಳಿವೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65, ಸಣ್ಣ 'ಎ' ಅಕ್ಷರಕ್ಕೆ 97, ಖಾಲಿ ಜಾಗಕ್ಕೆ 32 ಎಂಬುದು ಆಸ್ಕಿಯ ಒಪ್ಪಂದ.

65 ಎಂಬ ಸಂಖ್ಯೆಗೂ 'ಎ' ಅಕ್ಷರದ ಆಕಾರಕ್ಕೂ ಯಾವ ಸಹಜ ಸಂಬಂಧವೂ ಇಲ್ಲ. ಅದು ಕೇವಲ ಒಪ್ಪಂದ. ಒಪ್ಪಂದ ಇರುವವರೆಗೆ ಕಡತವನ್ನು ಯಾರು ಎಲ್ಲಿ ತೆರೆದರೂ ಅದೇ ಅಕ್ಷರ ಕಾಣುತ್ತದೆ. ಬರೆದವರು ಒಂದು ಪಟ್ಟಿಯನ್ನೂ ಓದುವವರು ಇನ್ನೊಂದು ಪಟ್ಟಿಯನ್ನೂ ಬಳಸಿದರೆ ಸಂಖ್ಯೆಗಳು ಸರಿಯಾಗಿಯೇ ಇದ್ದರೂ ಅರ್ಥ ಕೆಡುತ್ತದೆ.

ಇಸ್ಕಿಯಿಂದ ಯೂನಿಕೋಡ್‌ಗೆ

ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 1991ರಲ್ಲಿ 'ಇಸ್ಕಿ' ಎಂಬ ಮಾನಕವನ್ನು ಐಎಸ್ 13194 ಎಂಬ ಕ್ರಮಾಂಕದಲ್ಲಿ ಪ್ರಕಟಿಸಿತು. ಇದು 8 ಬಿಟ್‌ಗಳ ಸಂಕೇತ. ಮೊದಲ 128 ಸ್ಥಾನಗಳು ಆಸ್ಕಿಯವೇ ಆಗಿದ್ದು, ಉಳಿದ ಭಾಗವನ್ನು ಭಾರತೀಯ ಅಕ್ಷರಗಳಿಗೆ ಕೊಡಲಾಯಿತು. ಬ್ರಾಹ್ಮೀ ಮೂಲದ ಲಿಪಿಗಳ ವರ್ಣಮಾಲೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕನ್ನಡದ 'ಕ', ತೆಲುಗಿನ 'ಕ', ದೇವನಾಗರಿಯ 'ಕ' ಈ ಮೂರಕ್ಕೂ ಒಂದೇ ಸಂಖ್ಯೆ ಸಾಕೆಂಬುದು ಇಸ್ಕಿಯ ಚಿಂತನೆ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಬೇರೆಯಾಗಿ ತಿಳಿಸಬೇಕಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂತು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಆದ ಪ್ರತ್ಯೇಕ ಸಂಖ್ಯೆ ಇರಬೇಕೆಂಬುದು ಇದರ ತತ್ವ. ಯೂನಿಕೋಡ್‌ನಲ್ಲಿ ಒಟ್ಟು 11,14,112 ಸ್ಥಾನಗಳಿದ್ದು, 2024ರಲ್ಲಿ ಬಂದ 16ನೇ ಆವೃತ್ತಿಯ ವೇಳೆಗೆ 1,54,998 ಅಕ್ಷರಗಳು ಅದರಲ್ಲಿ ಸೇರಿದ್ದವು. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನಗಳು. 'ಕ' ಅಕ್ಷರದ ಸಂಖ್ಯೆ 3221.

ಇಸ್ಕಿಯ ಪ್ರಭಾವ ಯೂನಿಕೋಡ್‌ನಲ್ಲಿಯೂ ಉಳಿದಿದೆ. ದೇವನಾಗರಿಯ ಸ್ಥಾನಗಳು 2304ರಿಂದ ಆರಂಭವಾಗುತ್ತವೆ, ಅಲ್ಲಿ 'ಕ' 2325. ತೆಲುಗು 3072ರಿಂದ ಆರಂಭವಾಗುತ್ತದೆ, ಅಲ್ಲಿ 'ಕ' 3093. ಕನ್ನಡ 3200ರಿಂದ, ಇಲ್ಲಿ 'ಕ' 3221. ಮೂರು ಲಿಪಿಗಳಲ್ಲಿಯೂ ಆರಂಭದಿಂದ ಎಣಿಸಿದರೆ ವ್ಯತ್ಯಾಸ 21 ಮಾತ್ರ. ಒಂದು ಭಾರತೀಯ ಲಿಪಿಯಿಂದ ಇನ್ನೊಂದಕ್ಕೆ ಲಿಪ್ಯಂತರ ಮಾಡುವ ತಂತ್ರಾಂಶವನ್ನು ಬರೆಯುವವರಿಗೆ ಈ ಸಮಾನಾಂತರ ಜೋಡಣೆ ಬಹಳ ಅನುಕೂಲ.

ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಹಳಗನ್ನಡದ 'ೞ' ಅಕ್ಷರಕ್ಕೆ 3294ನೆಯ ಸ್ಥಾನವನ್ನು ಕೊಡುವಾಗ ತಪ್ಪಾಗಿ 'ಫ' ಎಂಬ ಉಚ್ಚಾರದ ಹೆಸರನ್ನು ನಮೂದಿಸಲಾಯಿತು. ತಪ್ಪು ಗೊತ್ತಾದ ಮೇಲೆಯೂ ಹೆಸರನ್ನು ತಿದ್ದಲಿಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಯಿತು. ತಪ್ಪನ್ನು ಹಾಗೆಯೇ ಉಳಿಸಿಕೊಂಡದ್ದು ವಿಚಿತ್ರವೆನಿಸಬಹುದು. ಆದರೆ ಒಪ್ಪಂದ ಪದೇಪದೇ ಬದಲಾದರೆ ಹಳೆಯ ಕಡತಗಳೆಲ್ಲ ಅಪಾಯಕ್ಕೆ ಸಿಲುಕುತ್ತವೆ ಎಂಬ ಎಚ್ಚರ ಇದರ ಹಿಂದಿದೆ.

ಕೀಲಿಮಣೆಯಿಂದ ಪರದೆಯವರೆಗೆ

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕನ್ನಡದ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ. ಆ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಇಂಗ್ಲಿಷಿನ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಬೇಕು. ಎಫ್ ಕೀಲಿ ಹಲಂತ ಚಿಹ್ನೆಗೆ ಮೀಸಲು. ಅದು ಹಿಂದಿನ 'ನ'ದಲ್ಲಿರುವ ಅಕಾರವನ್ನು ತೆಗೆದು ಮುಂದಿನ 'ನ'ವನ್ನು ಒತ್ತಕ್ಷರವಾಗಿಸುತ್ತದೆ.

ಈ ಐದು ಒತ್ತುಗಳ ಪ್ರಯಾಣವನ್ನು ಹೀಗೆ ಸಂಗ್ರಹಿಸಬಹುದು:

1. ಕೀಲಿಮಣೆ ಒಂದು ಆದಾನ ಸಾಧನ. ಯಾವ ಕೀಲಿ ಒತ್ತಲ್ಪಟ್ಟಿತು ಎಂಬ ಸೂಚನೆಯನ್ನಷ್ಟೇ ಅದು ಕಳುಹಿಸುತ್ತದೆ. ಕನ್ನಡದ ಪರಿಚಯ ಅದಕ್ಕೆ ಇಲ್ಲ.

2. ಬೆರಳಚ್ಚಿನ ತಂತ್ರಾಂಶ ಆ ಸೂಚನೆಯನ್ನು ಯೂನಿಕೋಡ್ ಸಂಖ್ಯೆಗೆ ಬದಲಿಸುತ್ತದೆ. 'ಕನ್ನಡ' ಎಂಬುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳಾಗುತ್ತದೆ. ಇವು ಕ್ರಮವಾಗಿ ಕ, ನ, ಹಲಂತ ಚಿಹ್ನೆ, ನ, ಡ.

3. ಈ ಸಂಖ್ಯೆಗಳು ಮೊದಲು ಪ್ರಧಾನ ಸ್ಮೃತಿಯಲ್ಲಿ, ಅಂದರೆ ರ್‍ಯಾಮ್‌ನಲ್ಲಿ ಇರುತ್ತವೆ. ವಿದ್ಯುತ್ ಹೋದರೆ ಅಲ್ಲಿನದು ಅಳಿಯುತ್ತದೆ. 'ಸೇವ್' ಮಾಡಿದಾಗ ಮಾತ್ರ ಹಾರ್ಡ್ ಡಿಸ್ಕ್ ಅಥವಾ ಇತರ ಶಾಶ್ವತ ಸಂಗ್ರಹದಲ್ಲಿ ಕಡತವಾಗಿ ಉಳಿಯುತ್ತದೆ.

4. ಪರದೆಯ ಮೇಲೆ ತೋರಿಸುವಾಗ ಫಾಂಟ್ ಕೆಲಸಕ್ಕೆ ಬರುತ್ತದೆ. ಪ್ರತಿ ಸಂಖ್ಯೆಗೆ ಅಥವಾ ಸಂಖ್ಯೆಗಳ ಗುಂಪಿಗೆ ತಕ್ಕ ಆಕೃತಿ ಯಾವುದೆಂಬ ಮಾಹಿತಿ ಫಾಂಟ್‌ನಲ್ಲಿರುತ್ತದೆ. ನ, ಹಲಂತ, ನ ಎಂಬ ಮೂರು ಸಂಖ್ಯೆಗಳು ಒಟ್ಟಿಗೆ ಬಂದಾಗ 'ನ್ನ' ಎಂಬ ಒಂದೇ ಆಕೃತಿಯನ್ನು ಮೂಡಿಸಬೇಕೆಂಬ ನಿಯಮವೂ ಅಲ್ಲಿಯೇ ಇರುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ 'ತುಂಗಾ' ಎಂಬ ಕನ್ನಡ ಯೂನಿಕೋಡ್ ಫಾಂಟ್ ಇತ್ತು.

ಒತ್ತಿದ ಕೀಲಿಗಳು ಐದು, ಉಳಿದ ಸಂಖ್ಯೆಗಳು ಐದು, ಕಣ್ಣಿಗೆ ಕಂಡ ಅಕ್ಷರಗಳು ಮೂರು. ಕೀಲಿ, ಸಂಖ್ಯೆ, ಆಕೃತಿ ಇವು ಮೂರು ಬೇರೆ ಬೇರೆ ಸಂಗತಿಗಳು. ಫಾಂಟ್ ಬದಲಿಸಿದರೆ ಆಕೃತಿ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಕೀಲಿಮಣೆಯ ವಿನ್ಯಾಸ ಬದಲಿಸಿದರೆ ಒತ್ತುವ ಕೀಲಿ ಬದಲಾಗುತ್ತದೆ, ಸಂಖ್ಯೆ ಆಗಲೂ ಬದಲಾಗುವುದಿಲ್ಲ. ಕಡತದಲ್ಲಿ ಉಳಿಯುವುದು ಸಂಖ್ಯೆ.

ಒಂದು ಸಂಖ್ಯೆ, ಮೂರು ಬೈಟ್

3221 ಎಂಬುದನ್ನು ದ್ವಿಮಾನದಲ್ಲಿ ಬರೆದರೆ 110010010101, ಅಂದರೆ 12 ಬಿಟ್. 255ನ್ನು ಮೀರಿರುವುದರಿಂದ ಇದು ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಯೂನಿಕೋಡ್ ಸಂಖ್ಯೆಯನ್ನು ಬೈಟ್‌ಗಳಾಗಿ ಬಿಡಿಸುವ ವಿಧಾನ ಬೇಕಾಗುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಇಂದು ಅಂತರ್ಜಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಿಧಾನ.

ಯುಟಿಎಫ್-8ರಲ್ಲಿ ಆಸ್ಕಿಯ ಅಕ್ಷರಗಳಿಗೆ ಒಂದೇ ಬೈಟ್ ಸಾಕು. ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್ ಬೇಕು. ಮೊದಲ ಬೈಟ್ 1110 ಎಂದು ಆರಂಭವಾಗಿ 'ಇದು ಮೂರು ಬೈಟ್‌ಗಳ ಗುಂಪು' ಎಂದು ಸಾರುತ್ತದೆ. ಮುಂದಿನ ಎರಡೂ 10 ಎಂದು ಆರಂಭವಾಗಿ ತಾವು ಮುಂದುವರಿಕೆ ಎಂದು ತಿಳಿಸುತ್ತವೆ. ಉಳಿದ 16 ಬಿಟ್‌ಗಳಲ್ಲಿ ನಿಜವಾದ ಸಂಖ್ಯೆ ಕೂರುತ್ತದೆ. 'ಕ' ಅಕ್ಷರ 11100000, 10110010, 10010101 ಎಂದಾಗುತ್ತದೆ. ದಶಮಾನದಲ್ಲಿ ಇವು 224, 178, 149. ಐದು ಸಂಖ್ಯೆಗಳ 'ಕನ್ನಡ' ಪದ ಹೀಗೆ 15 ಬೈಟ್‌ಗಳನ್ನು ಪಡೆಯುತ್ತದೆ.

ಹಳೆಯ ಕಡತ ಓದಲಾಗದಿರುವುದೇಕೆ?

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಬೆರಳಚ್ಚಿಗೆ ಬೇರೊಂದು ಉಪಾಯವನ್ನು ಅನುಸರಿಸಲಾಗುತ್ತಿತ್ತು. ಅಂದಿನ ಸಾಮಾನ್ಯ ತಂತ್ರಾಂಶಗಳು ಒಂದು ಬೈಟ್‌ನ 256 ಸ್ಥಾನಗಳನ್ನಷ್ಟೇ ಬಲ್ಲವಾಗಿದ್ದವು. ಆ ಸ್ಥಾನಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಆಕೃತಿಯನ್ನು ತೆಗೆದು, ಕನ್ನಡ ಅಕ್ಷರಗಳ ತುಂಡುಗಳನ್ನು ಇಟ್ಟು ಫಾಂಟ್ ತಯಾರಿಸಲಾಗುತ್ತಿತ್ತು. ಕಂಪ್ಯೂಟರಿನ ತಿಳಿವಳಿಕೆಯಲ್ಲಿ ಅದು ಇಂಗ್ಲಿಷೇ. ಓದುಗರ ಕಣ್ಣಿಗೆ ಮಾತ್ರ ಕನ್ನಡ.

ನುಡಿಯ ಹಳೆಯ ಫಾಂಟ್‌ಗಳಲ್ಲಿ 'ಕ' ಅಕ್ಷರಕ್ಕೆ ಎರಡು ತುಂಡುಗಳು: ತಲೆಕಟ್ಟಿಲ್ಲದ ಭಾಗ 80ನೆಯ ಸ್ಥಾನದಲ್ಲಿ, ತಲೆಕಟ್ಟು 192ರಲ್ಲಿ. 80 ಎಂಬುದು ಆಸ್ಕಿಯಲ್ಲಿ ಇಂಗ್ಲಿಷಿನ ದೊಡ್ಡ 'ಪಿ'. ಇಡೀ 'ಕನ್ನಡ' ಪದ 80, 192, 163, 192, 223, 113, 192 ಎಂಬ ಏಳು ಬೈಟ್‌ಗಳಾಗಿ ಉಳಿಯುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 163ನೆಯ ಸ್ಥಾನ ಪೌಂಡ್ ಚಿಹ್ನೆಯಾಗಿ, 223 ಜರ್ಮನ್ ಅಕ್ಷರವಾಗಿ ಕಾಣುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ಒಗಟಿಗೆ ಇದೇ ಉತ್ತರ. ಬೈಟ್‌ಗಳೆಲ್ಲ ಸುರಕ್ಷಿತವಾಗಿವೆ, ಅವುಗಳಿಗೆ ಅರ್ಥ ಕೊಡುತ್ತಿದ್ದ ಪಟ್ಟಿ ಕೈತಪ್ಪಿದೆ.

ಬೆರಳಚ್ಚು ಮಾಡಿದವರಿಗೆ ಇದು ಗೊತ್ತಾಗುವ ಸಂಭವವಿರಲಿಲ್ಲ. ಒತ್ತಿದ ಕೀಲಿಗಳು ಅವೇ ಐದು, ಪರದೆಯ ಮೇಲೆ ಕಂಡದ್ದು ಅದೇ 'ಕನ್ನಡ', ಮುದ್ರಣವೂ ಸುಂದರ. ಕಂಪ್ಯೂಟರ್ ಸೌಲಭ್ಯ ಕಡಿಮೆಯಿದ್ದ ಕಾಲದಲ್ಲಿ ಕನ್ನಡದ ಪತ್ರಿಕೆ, ಪುಸ್ತಕ, ಕಚೇರಿ ಪತ್ರಗಳನ್ನು ಇಂತಹ ಫಾಂಟ್‌ಗಳೇ ಮುದ್ರಣಕ್ಕೆ ತಂದವು ಎಂಬುದನ್ನು ಮರೆಯುವಂತಿಲ್ಲ. ಮುದ್ರಣಕ್ಕೆ ಆಕೃತಿ ಸಾಕು. ಕಾಗದದಿಂದಾಚೆ ಅದೇ ಪಠ್ಯವನ್ನು ಹುಡುಕಲು, ವಿಂಗಡಿಸಲು, ಬೇರೆ ಯಂತ್ರದಲ್ಲಿ ಓದಲು ಹೊರಟಾಗ ಆಕೃತಿ ಮಾತ್ರ ಸಾಲದಾಯಿತು.

ಇನ್ನೊಂದು ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅದೇ ಫಾಂಟ್‌ಗಳಲ್ಲಿ 'ವ' ಅಕ್ಷರಕ್ಕೆ 170, 192 ಎಂಬ ಬೈಟ್‌ಗಳು. 'ಮ' ಅಕ್ಷರ ನೋಟಕ್ಕೆ 'ವ'ದ ಜೊತೆ ಒಂದು ಕೊಂಬು ಸೇರಿದಂತಿರುವುದರಿಂದ ಅದಕ್ಕೆ 170, 192, 196. ಅಂತಹ ಕಡತದಲ್ಲಿ 'ವ' ಎಂದು ಹುಡುಕಿದರೆ 'ಮ' ಕೂಡ ಸಿಗುತ್ತದೆ. 'ಕರ್ನಾಟಕ' ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ 'ನಾ' ನಂತರ ಕಾಣುವುದರಿಂದ, ಹಳೆಯ ಕಡತದಲ್ಲಿಯೂ 'ನಾ' ಮೊದಲು, 'ರ್' ನಂತರ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ 'ರ' ಮೊದಲು, ಹಲಂತ ಆಮೇಲೆ, 'ನಾ' ಕೊನೆಗೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಸಂಖ್ಯೆಗಳನ್ನು ಬದಲಿಸುವುದರ ಜೊತೆಗೆ ಈ ಕ್ರಮವನ್ನೂ ಸರಿಪಡಿಸಬೇಕಾಗುತ್ತದೆ. ಪರಿವರ್ತನೆಯ ನಂತರ ಒಮ್ಮೆ ಓದಿ ನೋಡುವುದು ಅಗತ್ಯವೆನ್ನುವುದು ಇದಕ್ಕಾಗಿಯೇ.

ಹುಡುಕಾಟ ಮತ್ತು ವಿಂಗಡಣೆ

ಒಂದು ಸಮಸ್ಯೆಯನ್ನು ಬಿಡಿಸಲು ಅನುಸರಿಸಬೇಕಾದ, ಮಿತ ಸಂಖ್ಯೆಯ ಸ್ಪಷ್ಟ ಹಂತಗಳಿಗೆ ಕ್ರಮವಿಧಿ ಅಥವಾ ಆಲ್ಗಾರಿದಂ ಎಂದು ಹೆಸರು. ಈ ಪದ 9ನೇ ಶತಮಾನದ ಗಣಿತಜ್ಞ ಅಲ್-ಖ್ವಾರಿಜ್ಮಿ ಅವರ ಹೆಸರಿನಿಂದ ಬಂದದ್ದು.

ಒಂದು ಲಕ್ಷ ಪದಗಳ ಪಟ್ಟಿಯಲ್ಲಿ ಒಂದು ಪದವನ್ನು ಮೊದಲಿನಿಂದ ಒಂದೊಂದಾಗಿ ಹುಡುಕಿದರೆ ಗರಿಷ್ಠ ಒಂದು ಲಕ್ಷ ಹೋಲಿಕೆಗಳು ಬೇಕಾಗಬಹುದು. ಪಟ್ಟಿ ಅಕಾರಾದಿಯಲ್ಲಿದ್ದರೆ, ನಿಘಂಟನ್ನು ನಡುವೆ ತೆರೆದು ಹಿಂದೆಯೋ ಮುಂದೆಯೋ ಎಂದು ನಿರ್ಧರಿಸುವಂತೆ, ಪ್ರತಿ ಬಾರಿಯೂ ಅರ್ಧ ಭಾಗವನ್ನು ಕೈಬಿಡಬಹುದು. ಆಗ 17 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ದ್ವಿಮಾನ ಹುಡುಕಾಟ ಎನ್ನುತ್ತಾರೆ. ಆದರೆ ಇದು ಸಾಧ್ಯವಾಗುವುದು ಪಟ್ಟಿ ಸರಿಯಾಗಿ ವಿಂಗಡಣೆಯಾಗಿದ್ದಾಗ ಮಾತ್ರ. ಅಕ್ಷರವನ್ನು ತುಂಡುಗಳಾಗಿ ಉಳಿಸಿದ ಕಡತದಲ್ಲಿ ಅಕಾರಾದಿಯೇ ದೊರೆಯುವುದಿಲ್ಲ.

ಯೂನಿಕೋಡ್ ಬಂದ ಮಾತ್ರಕ್ಕೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂದು ಭಾವಿಸಬಾರದು. 'ಕೊ' ಎಂಬುದರ ಸ್ವರಚಿಹ್ನೆಯನ್ನು 3274 ಎಂಬ ಒಂದೇ ಸಂಖ್ಯೆಯಾಗಿಯೂ 3270 ಮತ್ತು 3266 ಎಂಬ ಎರಡು ಸಂಖ್ಯೆಗಳಾಗಿಯೂ ಬರೆಯಬಹುದು. ನೋಟ ಒಂದೇ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮವನ್ನು ಯೂನಿಕೋಡ್ ಒದಗಿಸಿದೆ. ತಂತ್ರಾಂಶ ಅದನ್ನು ಪಾಲಿಸಬೇಕು.

ಹಾಗೆಯೇ 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಒತ್ತಕ್ಷರವಾಗಿ ಸೇರದಂತೆ ತಡೆಯಲು 8204 ಎಂಬ ಸಂಖ್ಯೆಯ, ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಇಡಲಾಗುತ್ತದೆ. ಕಾಣದಿದ್ದರೂ ಅದು ಕಡತದಲ್ಲಿ ಇರುತ್ತದೆ. ಪದದ ಕೊನೆಯ ಹಲಂತದ ನಂತರ ಈ ಚಿಹ್ನೆ ಇದ್ದರೂ ಇಲ್ಲದಿದ್ದರೂ ನೋಟಕ್ಕೆ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಪದಗಳು.

ಪಠ್ಯವೂ ಚಿತ್ರವೂ ಒಂದಲ್ಲ

ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿದರೆ ದೊರೆಯುವುದು ಚುಕ್ಕೆಗಳ ಚಿತ್ರ. ಎ4 ಅಳತೆಯ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದಾಗ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು 86,99,840 ಚುಕ್ಕೆಗಳಾಗುತ್ತವೆ. ಕಪ್ಪು ಅಥವಾ ಬಿಳಿ ಎಂದು ಚುಕ್ಕೆಗೆ ಒಂದೇ ಬಿಟ್ ಕೊಟ್ಟರೂ 10,87,480 ಬೈಟ್‌ಗಳು ಬೇಕು. ಅದೇ ಪುಟದಲ್ಲಿ 1,800 ಯೂನಿಕೋಡ್ ಸಂಖ್ಯೆಗಳಷ್ಟು ಕನ್ನಡ ಪಠ್ಯವಿದೆ ಎಂದುಕೊಂಡರೆ ಯುಟಿಎಫ್-8ರಲ್ಲಿ 5,400 ಬೈಟ್ ಸಾಕು. ಸಂಕೋಚನಗೊಳಿಸದ ಚಿತ್ರ ಸುಮಾರು 200 ಪಟ್ಟು ದೊಡ್ಡದು.

ಗಾತ್ರಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಚಿತ್ರದಲ್ಲಿ ಅಕ್ಷರವೆಂಬುದೇ ಇಲ್ಲ. ಅದರೊಳಗೆ ಪದವನ್ನು ಹುಡುಕಲು ಸಾಧ್ಯವಿಲ್ಲ. ದೃಷ್ಟಿಹೀನರಿಗಾಗಿ ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ನೇರವಾಗಿ ಒದಗುವುದಿಲ್ಲ. ಮೊದಲು ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಚಿತ್ರವನ್ನು ಸಂಖ್ಯೆಗಳಾಗಿ ಬದಲಿಸಬೇಕು.

ಅಭ್ಯಾಸ ಪ್ರಶ್ನೆಗಳು

ವಿದ್ಯಾರ್ಥಿಗಳು ಮೊದಲು ಸ್ವತಃ ಉತ್ತರಿಸಿ, ಅನಂತರ ಕೆಳಗಿನ ಉತ್ತರಗಳೊಂದಿಗೆ ಹೋಲಿಸಿಕೊಳ್ಳುವುದು ಒಳ್ಳೆಯದು.

1. ಕನ್ನಡ ವರ್ಣಮಾಲೆಯ 49 ಅಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಕೊಡಲು ಕನಿಷ್ಠ ಎಷ್ಟು ಬಿಟ್‌ಗಳು ಬೇಕು?

2. 65 ಮತ್ತು 97ನ್ನು ದ್ವಿಮಾನದಲ್ಲಿ ಬರೆಯಿರಿ. ಎಷ್ಟು ಬಿಟ್‌ಗಳು ಬೇರೆಯಾಗಿವೆ?

3. 'ಕರ್ನಾಟಕ' ಪದದಲ್ಲಿ ಎಷ್ಟು ಯೂನಿಕೋಡ್ ಸಂಖ್ಯೆಗಳಿವೆ? ಯುಟಿಎಫ್-8ರಲ್ಲಿ ಎಷ್ಟು ಬೈಟ್?

4. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟ್‌ಗಳಿಗೆ ಅವಕಾಶವಿದೆ. ಇಂಗ್ಲಿಷಿಗೆ ಅಕ್ಷರಕ್ಕೆ 7 ಬಿಟ್, ಕನ್ನಡಕ್ಕೆ ಸಂಖ್ಯೆಗೆ 16 ಬಿಟ್ ಬಳಸಿದರೆ ಎಷ್ಟೆಷ್ಟು ಹಿಡಿಸುತ್ತವೆ?

5. ರ್‍ಯಾಮ್‌ಗೂ ಹಾರ್ಡ್ ಡಿಸ್ಕ್‌ಗೂ ಇರುವ ಮುಖ್ಯ ವ್ಯತ್ಯಾಸವೇನು?

6. ಫಾಂಟ್ ಮತ್ತು ಸಂಕೇತೀಕರಣ ಇವುಗಳ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ.

7. ದ್ವಿಮಾನ ಹುಡುಕಾಟದಲ್ಲಿ ಒಂದು ಲಕ್ಷ ಪದಗಳಿಗೆ 17 ಹೋಲಿಕೆಗಳು ಏಕೆ ಸಾಕು?

8. ಕ್ಷಮೆ, ಕಾಡು, ಕಂಬ, ಕಡಲು, ಕೂಗು ಇವನ್ನು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ಅನುಸ್ವಾರ 3202, ಡ 3233, ಆಕಾರದ ಚಿಹ್ನೆ 3262, ಊಕಾರದ ಚಿಹ್ನೆ 3266, ಹಲಂತ 3277.

9. ನೋಟಕ್ಕೆ ಒಂದೇ ಆದ ಎರಡು ಪದಗಳನ್ನು ಕಂಪ್ಯೂಟರ್ ಬೇರೆ ಎಂದು ಪರಿಗಣಿಸಲು ಕಾರಣಗಳೇನು?

10. ಒಂದು ಗ್ರಂಥಾಲಯದ ಹಳೆಯ ಪುಸ್ತಕಪಟ್ಟಿ ಯೂನಿಕೋಡ್‌ಗೆ ಮುಂಚಿನ ಫಾಂಟ್‌ನಲ್ಲಿದೆ. ಅದನ್ನು ಉಳಿಸಿಕೊಳ್ಳುವ ಹಂತಗಳನ್ನು ಬರೆಯಿರಿ.

ಉತ್ತರಗಳು

1. ಐದು ಬಿಟ್‌ಗಳಿಂದ 32 ಮಾತ್ರ ಸಾಧ್ಯ, ಆರರಿಂದ 64. ಆದ್ದರಿಂದ 6 ಬಿಟ್. ಸ್ವರಚಿಹ್ನೆ, ಹಲಂತ, ಅಂಕಿಗಳು ಸೇರಿದರೆ ಇದೂ ಸಾಲದು.

2. 01000001 ಮತ್ತು 01100001. ಒಂದೇ ಬಿಟ್ ಬೇರೆ, ಅದರ ಸ್ಥಾನಬೆಲೆ 32. ಇಂಗ್ಲಿಷಿನ ಪ್ರತಿ ದೊಡ್ಡ ಮತ್ತು ಸಣ್ಣ ಅಕ್ಷರದ ನಡುವಿನ ಅಂತರವೂ ಆಸ್ಕಿಯಲ್ಲಿ ಇದೇ.

3. ಕ, ರ, ಹಲಂತ, ನ, ಆಕಾರದ ಚಿಹ್ನೆ, ಟ, ಕ, ಒಟ್ಟು 7 ಸಂಖ್ಯೆಗಳು, 21 ಬೈಟ್. ಕಣ್ಣಿಗೆ ಕಾಣುವ ಅಕ್ಷರಗಳು 4.

4. 140 ಬೈಟ್ ಎಂದರೆ 1,120 ಬಿಟ್. ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ 70 ಸಂಖ್ಯೆಗಳು. ಕನ್ನಡದ ಸಂದೇಶ ಬೇಗನೆ ಎರಡನೆಯ ಎಸ್‌ಎಂಎಸ್‌ಗೆ ದಾಟುವುದು ಇದರಿಂದಲೇ.

5. ರ್‍ಯಾಮ್ ವೇಗವಾದದ್ದು, ಆದರೆ ವಿದ್ಯುತ್ ಇರುವವರೆಗೆ ಮಾತ್ರ ದತ್ತಾಂಶವನ್ನು ಹಿಡಿದಿಡುತ್ತದೆ. ಹಾರ್ಡ್ ಡಿಸ್ಕ್ ನಿಧಾನವಾದರೂ ವಿದ್ಯುತ್ ಇಲ್ಲದಾಗಲೂ ಉಳಿಸುತ್ತದೆ.

6. ಸಂಕೇತೀಕರಣ ಅಕ್ಷರಕ್ಕೆ ಸಂಖ್ಯೆಯನ್ನು ಕೊಡುತ್ತದೆ, ಫಾಂಟ್ ಆ ಸಂಖ್ಯೆಗೆ ಆಕೃತಿಯನ್ನು ಕೊಡುತ್ತದೆ. ಯೂನಿಕೋಡ್‌ನಲ್ಲಿರುವ ಪಠ್ಯಕ್ಕೆ ತುಂಗಾ ಬದಲು ಬೇರೆ ಯೂನಿಕೋಡ್ ಫಾಂಟ್ ಬಳಸಿದರೂ 'ಕ' 3221 ಆಗಿಯೇ ಉಳಿಯುತ್ತದೆ. ಹಳೆಯ ಕಡತದಲ್ಲಿ ಫಾಂಟ್ ಬದಲಾದರೆ ಅಕ್ಷರವೇ ಬೇರೆಯಾಗುತ್ತದೆ.

7. ಪ್ರತಿ ಹೋಲಿಕೆಯಲ್ಲಿ ಉಳಿದ ಪಟ್ಟಿ ಅರ್ಧವಾಗುತ್ತದೆ. 2ನ್ನು 17 ಬಾರಿ ಗುಣಿಸಿದರೆ 1,31,072. ಇದು ಒಂದು ಲಕ್ಷಕ್ಕಿಂತ ಹೆಚ್ಚು. 16 ಬಾರಿ ಗುಣಿಸಿದರೆ 65,536 ಮಾತ್ರ.

8. ಕಂಬ, ಕಡಲು, ಕಾಡು, ಕೂಗು, ಕ್ಷಮೆ. ಮೊದಲ ಸಂಖ್ಯೆ ಎಲ್ಲದರಲ್ಲಿಯೂ 3221 ಆಗಿರುವುದರಿಂದ ಎರಡನೆಯದನ್ನು ಹೋಲಿಸಬೇಕು. ಕಾಗುಣಿತದ ಕ್ರಮದಲ್ಲಿ 'ಕಂ' ಕೊನೆಗೆ ಬರುತ್ತದೆ, ಇಲ್ಲಿ ಮೊದಲು ಬಂದಿದೆ. ಆದ್ದರಿಂದ ನಿಘಂಟಿನ ಕ್ರಮ ಬೇಕಿದ್ದರೆ ತಂತ್ರಾಂಶಕ್ಕೆ ಪ್ರತ್ಯೇಕ ವಿಂಗಡಣೆಯ ನಿಯಮ ಬೇಕು.

9. ಒಂದೇ ಸ್ವರಚಿಹ್ನೆಯನ್ನು ಎರಡು ಬಗೆಯಲ್ಲಿ ಬರೆದಿರಬಹುದು, ಕಾಣದ ಚಿಹ್ನೆ ಸೇರಿರಬಹುದು, ಅಥವಾ ಒಂದು ಪದ ಯೂನಿಕೋಡ್‌ನಲ್ಲಿದ್ದು ಇನ್ನೊಂದು ಹಳೆಯ ಸಂಕೇತದಲ್ಲಿರಬಹುದು.

10. ಮೂಲ ಕಡತದ ಪ್ರತಿಯೊಂದನ್ನು ಬದಲಿಸದೆ ತೆಗೆದಿಡಬೇಕು. ಬಳಸಿದ ಫಾಂಟ್‌ನ ಹೆಸರನ್ನು ಪತ್ತೆ ಮಾಡಿ ಬರೆದಿಟ್ಟುಕೊಳ್ಳಬೇಕು. ಆ ಫಾಂಟ್‌ಗೆ ತಕ್ಕ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಬೇಕು. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು, ನಡುವೆ ಬಂದ ಇಂಗ್ಲಿಷ್ ಪದಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಯುಟಿಎಫ್-8ರಲ್ಲಿ ಉಳಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಖಚಿತಪಡಿಸಿಕೊಳ್ಳಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ತಮ್ಮ ಮನೆಯ ಅಥವಾ ಶಾಲೆಯ ಕಂಪ್ಯೂಟರಿನಲ್ಲಿರುವ ಹಳೆಯ ಕನ್ನಡ ಕಡತ ಯಾವ ಬಗೆಯದೆಂದು ತಿಳಿಯಲು ವಿದ್ಯಾರ್ಥಿಗಳಿಗೆ ಸುಲಭದ ದಾರಿಯೊಂದಿದೆ. ಕಡತದ ಒಂದು ಸಾಲನ್ನು ನಕಲಿಸಿ, ಇ-ಮೇಲ್ ಬರೆಯುವ ಜಾಗದಲ್ಲಿ ಅಥವಾ ಮೊಬೈಲಿನ ಸಂದೇಶದಲ್ಲಿ ಅಂಟಿಸಬೇಕು. ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್. ಇಂಗ್ಲಿಷಿನ ಅಕ್ಷರಗಳೂ ಪೌಂಡ್ ಚಿಹ್ನೆಯೂ ಕಂಡರೆ ಹಳೆಯ ಸಂಕೇತ. ಮುದ್ರಣವಾಗದೆ ಉಳಿದ ಹಸ್ತಪ್ರತಿ, ಸಂಘಸಂಸ್ಥೆಯ ನಡಾವಳಿ, ಊರಿನ ಇತಿಹಾಸದ ಟಿಪ್ಪಣಿ, ಹಿರಿಯರು ಬೆರಳಚ್ಚು ಮಾಡಿಸಿಟ್ಟ ನೆನಪುಗಳು ಇಂತಹ ಕಡತಗಳಲ್ಲಿ ಇರಬಹುದು. ಅವನ್ನು ಓದಲು ಬೇಕಾದ ಫಾಂಟ್ ಯಾವುದೆಂದು ಹೇಳಬಲ್ಲವರು ಇರುವಾಗಲೇ ಪರಿವರ್ತಿಸಿಟ್ಟುಕೊಳ್ಳುವುದು ಉತ್ತಮ. ಪರಿವರ್ತನೆಗೆ ಮುನ್ನ ಮೂಲ ಕಡತದ ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲೋ ಬೇರೆಡೆಯಲ್ಲೋ ತೆಗೆದಿಡುವುದನ್ನು ಮರೆಯಬಾರದು.